ಎಡಗಡೆಯ ಮೂರನೆಯ ಕಿಟಕಿ

ಕ್ಲಾಕ್ಸ್‌ವೀಕ್ ಬಿಟ್ಟು ನಾಲ್ಕನೆಯ ದಿನ.
ಬೆಯಿಂತಾ ಚುಕ್ಕಾಣಿಗೆ, ನಾನು ನಿದ್ದೆಗೆ;
ಮೂರು ತಾಸಿಗೊಮ್ಮೆ ಅದಲು ಬದಲು.
ಒಂದೇ ಹಾಸಿಗೆ, ಎಂದೂ ತಣ್ಣಗಾಗದ್ದು,
ಅದರಲ್ಲಿ ಎಂದೂ ಇಬ್ಬರಿಲ್ಲ.

ಇರುಳು ಎನ್ನುವಂಥ ಇರುಳಿಲ್ಲ ಜೂನಿನಲ್ಲಿ.
ಎಡಗಡೆಯ ಮೂರನೆಯ ಕಿಟಕಿಯಿಂದ
ತೊಟ್ ತೊಟ್. ಹನ್ನೊಂದು ವರ್ಷದಿಂದ
ಅದೇ ಹನಿ, ಅದೇ ದಿಂಬು.
ಅಂಟು, ರಬ್ಬರು, ಬೈಗುಳ, ಎಲ್ಲ ಮೆತ್ತಿಯಾಯಿತು.

ಐದನೆಯ ಬೆಳಿಗ್ಗೆ ನಾರ್ವೆಯ ಕೊಲ್ಲಿ.
ಕಾರ್ಖಾನೆ ಇದ್ದಲ್ಲಿ ಈಗ ಟೈರಿನ ಅಂಗಡಿ.
ಅಲ್ಲೇ ಹುಟ್ಟಿದ ಹತ್ತೊಂಬತ್ತು ದೋಣಿ
ಬದಿಗೆ ಬದಿ ತಾಗಿಸಿ ಕಟ್ಟಿದ್ದಾರೆ;
ಒಬ್ಬರ ಮನೆಗೆ ಹೋಗಲು
ಮೂವರ ಅಂಗಳ ದಾಟಬೇಕು.
ಹೆಸರು ಕೇಳುವವರಿಲ್ಲ. "ನಿಮ್ಮದು ಎಷ್ಟನೆಯದು?"
"ನಲವತ್ತೆರಡು." "ಓ, ನಮ್ಮದು ಮೂವತ್ತೊಂಬತ್ತು!"
ಅಂದರು, ಅಕ್ಕನ ಕಡೆಯವರ ಹಾಗೆ.

ಇಳಿದು ನೋಡಿದರೆ ಅಲ್ಲೂ
ಎಡಗಡೆ, ಮೂರನೆಯ ಕಿಟಕಿ, ಕೆಳಗೊಂದು ಮಗ್ಗು.
ಪಕ್ಕದ್ದರಲ್ಲಿ ಸಾರಿನ ಪಾತ್ರೆ. ಅದರಾಚೆ
ಮಕ್ಕಳ ಮರಳಾಟದ ಬಕೆಟ್ಟು.
ನಕ್ಕೆವು, ಕಟ್ಟಿದ ಹಗ್ಗ ಕಿರುಗುಟ್ಟುವಷ್ಟು.

ಸಂಜೆ ಮೀನು ಸುಡುವಾಗ ಬಂದವನು
ಊರಿನ ಮುದುಕ, ಓಡ್‌ವಾರ್. ಕೈಯಲ್ಲಿ ಟೋಪಿ.
"ಕಿಟಕಿ ಕೂರಿಸುತ್ತಿದ್ದವನು ನಾನು.
ಹದಿನಾರು ವರ್ಷ ಆಗ. ಶೆಡ್ಡಿನಲ್ಲಿ
ಎಡಗಡೆಗೆ ಬೆಳಕಿರಲಿಲ್ಲ."

ಯಾರೂ ಮಾತಾಡಲಿಲ್ಲ.
ಬೆಯಿಂತಾ ಸರಿದು ಬೆಂಚಿನಲ್ಲಿ ಜಾಗ ಮಾಡಿದಳು.
ಇದ್ದುದರಲ್ಲಿ ದೊಡ್ಡ ಮೀನು
ಅವನ ತಟ್ಟೆಗೆ ಬಿತ್ತು.

ಮರಳುವಾಗ ಎದುರು ಗಾಳಿ, ಆರು ದಿನ.
ಅಂಟಿನ ಹೊಸ ಡಬ್ಬಿ ತಂದಿದ್ದೇವೆ,
ಮುಚ್ಚಳ ತೆಗೆದಿಲ್ಲ.
ದಿಂಬು ಮಾತ್ರ ಆ ಕಡೆ ತಿರುಗಿಸಿದ್ದೇನೆ.