ಕೇಳದೆ

ಶನಿವಾರ ರಾತ್ರಿ, ಬಲ್ಲಾರ್ಡ್ ಎಸ್ಟೇಟಿನ ಮೂರನೇ ಮಹಡಿ.
ಆರುನೂರ ಹನ್ನೆರಡು ಕಂಪ್ಯೂಟರು. ನಾನೊಬ್ಬಳು.
ಕೆಳಗೆ ಗೇಟಿನಲ್ಲಿ ರಾಮಾಸರೆ, ಅವನ ರೇಡಿಯೋ.
ಡಾಕಿನ ಕಡೆಯಿಂದ ಯಾವುದೋ ಹಡಗು
ಗಂಟಲು ಸರಿಮಾಡಿಕೊಂಡು, ಏನೂ ಹೇಳದೆ ಸುಮ್ಮನಾಗುತ್ತದೆ.

ಆಜ್ಞೆ ಒಂದೇ ಸಾಲು. ಅದರ ಬಾಲದಲ್ಲಿ ಒಂದು ಪುಟ್ಟ ಪದ:
ಸದ್ದಿಲ್ಲದೆ.
ಅಂದರೆ, ಕಿಟಕಿ ತೆರೆದು ಒಪ್ಪಿಗೆಯೇ ಅನ್ನಬೇಡ,
ಹಸಿರು ಪಟ್ಟಿ ತೋರಿಸಿ ಕಾಯಿಸಬೇಡ,
‘ಆಮೇಲೆ’ ಎಂಬ ಗುಂಡಿಯನ್ನು ಯಾರ ಕೈಗೂ ಕೊಡಬೇಡ.
ಕೊಟ್ಟು ನೋಡಿದ್ದೇವೆ. ಥಾಣೆ ಶಾಖೆಯ ದಿಗಂಬರ ಪರಾಂಜಪೆ
ಒಂದೇ ವರ್ಷದಲ್ಲಿ ಇನ್ನೂರ ಆರು ಸಲ ‘ಆಮೇಲೆ’ ಒತ್ತಿದರು.
ನಿವೃತ್ತಿಯ ದಿನ, ಸತ್ಕಾರದ ಶಾಲು ಹೊದ್ದುಕೊಂಡೇ
ಇನ್ನೊಮ್ಮೆ ಒತ್ತಿ ಮನೆಗೆ ಹೋದರು.

ಹಾಗಾಗಿ ಕೇಳುವುದಿಲ್ಲ.
ನಮ್ಮ ಮಾತಿನಲ್ಲಿ ಈ ಕ್ರಿಯಾಪದಕ್ಕೆ ಎರಡು ಬಾಗಿಲು.
ಒಂದರಿಂದ ಪ್ರಶ್ನೆ ಹೊರಗೆ ಹೋಗುತ್ತದೆ,
ಇನ್ನೊಂದರಿಂದ ದನಿ ಒಳಗೆ ಬರುತ್ತದೆ.
ಒಂದಕ್ಕೆ ಚಿಲಕ ಹಾಕಿದರೆ ಎರಡೂ ಮುಚ್ಚುತ್ತವೆ
ಎಂದು ತಿಳಿಯಲು ಹನ್ನೊಂದು ವರ್ಷ ಬೇಕಾಯಿತು ನನಗೆ.

ಮೊದಲು ಹತ್ತು ಯಂತ್ರ. ಕಾದೆ. ಯಾವುದೂ ಬಿಕ್ಕಲಿಲ್ಲ.
ಆಮೇಲೆ ನೂರು. ಆಮೇಲೆ ವಾಶಿ, ಕಲ್ಯಾಣ, ಪನ್ವೇಲ್,
ನಸುಕಿನ ಹಾಲಿನ ಹುಡುಗನ ಹಾಗೆ
ಬೆಲ್ಲು ಒತ್ತದೆ, ಕದದ ಹಿಡಿಕೆಗೆ ಚೀಲ ನೇತುಹಾಕಿ
ಮುಂದಿನ ಮೆಟ್ಟಿಲು.

ಸೊನ್ನೆ ಬಂದರೆ ಗೆದ್ದ ಹಾಗೆ.
ಪರದೆಯ ತುಂಬ ಸೊನ್ನೆ, ಸೊನ್ನೆ, ಸೊನ್ನೆ.
ಶಾಲೆಯಲ್ಲಿ ಇಷ್ಟು ತಂದಿದ್ದರೆ ಅಪ್ಪ ಬಾಸುಂಡೆ ಬರಿಸುತ್ತಿದ್ದ,
ಇಲ್ಲಿ ಸಂಬಳ ಕೊಡುತ್ತಾರೆ.
ನಡುವೆ ಅಲ್ಲಲ್ಲಿ ಮೂರು ಸಾವಿರದ ಹತ್ತು:
ಆಯಿತು, ಆದರೆ ಒಮ್ಮೆ ಸತ್ತು ಹುಟ್ಟಬೇಕು.
ಅದೂ ಬೆಳಗಿನ ಜಾವ, ಯಾರೂ ನೋಡದಾಗ.

ಒಂದೂ ಮುಕ್ಕಾಲು. ಆರುನೂರ ಹನ್ನೊಂದು.
ಒಂದು ನಿಂತಿದೆ.
ಕ್ಲೇಮು ವಿಭಾಗ, ಕಂಬದ ಹಿಂದಿನ ಮೇಜು, ಹೇಮಾಂಗಿ ಕರ್ಮರ್ಕರ್.
ಕಡತ ತೆರೆದಿದೆ. ಹೆಸರು: ಡಾಕ್ಯುಮೆಂಟ್ ಒಂದು.
ಸೇವ್ ಆಗಿಲ್ಲ. ತೆರೆದು ಇಪ್ಪತ್ತಮೂರು ದಿನ.

ಇನ್ನೊಂದು ಪದವಿದೆ, ಬಲವಂತ ಅಂತ.
ಸಾಲಿಗೆ ಸೇರಿಸಿದರೆ ಸಾಕು,
ತೆರೆದದ್ದನ್ನೆಲ್ಲ ಮುಚ್ಚಿ, ಹೊಸದನ್ನು ಹಾಸಿ,
ಒಂದು ಸೊನ್ನೆ ಕಳಿಸಿಬಿಡುತ್ತದೆ.
ವರದಿ ನೂರಕ್ಕೆ ನೂರು. ಟ್ಯಾಕ್ಸಿ ಹಿಡಿದರೆ
ಮೂರಕ್ಕೆ ಮುಲುಂಡಿನ ಮನೆ, ಹಾಸಿಗೆ.
ಸೇರಿಸಿದೆ ಕೂಡ. ಎಂಟರ್ ಮೇಲೆ ಬೆರಳು.

ಯಾಕೋ ಎದ್ದು ಎರಡನೇ ಮಹಡಿಗೆ ಇಳಿದೆ, ಮೊಬೈಲಿನ ಬೆಳಕಲ್ಲಿ.
ಕುರ್ಚಿಯ ಬೆನ್ನಿಗೆ ನೀಲಿ ಸ್ವೆಟರು. ಒಣಗಿದ ಚಹಾದ ಉಂಗುರ.
ಸ್ವಿಚ್ಚಿನ ಮೇಲೆ ಹಳದಿ ಚೀಟಿ: ಬಂದ್ ಕರೂ ನಕಾ.
ಪರದೆ ಹಚ್ಚಲಿಲ್ಲ. ಡಬ್ಬದ ಮೇಲೆ ಅಂಗೈ ಇಟ್ಟೆ.
ಜ್ವರ ಬಿಟ್ಟ ಮಗುವಿನ ಬೆನ್ನಿನಷ್ಟು ಬಿಸಿ.

ಮೇಲೆ ಬಂದು ಆ ಪದ ಅಳಿಸಿದೆ.

ಸೋಮವಾರ. ಮರಾಠಿಯಲ್ಲಿ ಆ ಎರಡು ಬಾಗಿಲಿಗೆ ಬೇರೆ ಬೇರೆ ಹೆಸರು.
ಬೆಳಗಾವಿಯ ವಾಸನೆಯ ನನ್ನ ಮರಾಠಿಯಲ್ಲಿ
ಮೊದಲನೆಯದನ್ನು ತಟ್ಟಿದೆ:
ಆ ಡಾಕ್ಯುಮೆಂಟು, ಬಾಯಿ, ಸೇವ್ ಮಾಡಬಾರದೆ?

ಅವರು ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದರು.
‘ಸೇವ್ ಕೊಟ್ಟರೆ ಅದು ಹೆಸರು ಕೇಳುತ್ತದಲ್ಲ.
ಏನು ಹೇಳಲಿ?’

ಎರಡನೇ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತೆ.
ಫ್ಯಾನು ತಿರುಗುತ್ತಿತ್ತು. ಯಾರದೋ ಫೋನು ಬಡಿದು ನಿಂತಿತು.
ಅವರು ಏನೇನೋ ಹೇಳಿದರು. ಅದು ಇಲ್ಲಿಗಲ್ಲ.

ವರದಿಯಲ್ಲಿ ಕಾರಣದ ಕಲಂ ಇನ್ನೂ ಖಾಲಿ.
ಮ್ಯಾನೇಜರು ಇವತ್ತೂ ಕೇಳಿದರು, ಆ ಒಂದು ಯಾಕೆ ಉಳಿಯಿತು ಅಂತ.
ಆಮೇಲೆ, ಅಂದೆ.