ಎರಡನೇ ಕೋಟು

ಹಸಿ ಗೋಡೆಗೆ ಬಣ್ಣ ಹೊಡೆಯಬಾರದು.
ಹಲ್ ಊರಿನಲ್ಲಿ ಹನ್ನೊಂದು ವರ್ಷ ಏಣಿ ಹತ್ತಿಳಿದವನಿಗೆ
ಇದನ್ನು ಯಾರೂ ಹೇಳಿಕೊಡಬೇಕಿಲ್ಲ.
ಹಂಬರ್ ನದಿಯ ತೇವ ಇಟ್ಟಿಗೆಯೊಳಗೇ ಕೂತಿರುತ್ತದೆ,
ಮೇಲೆ ಎಷ್ಟು ಚಂದ ಬಳಿದರೂ
ಮಾರ್ಚ್ ಹೊತ್ತಿಗೆ ಹಪ್ಪಳವೆದ್ದು ಉದುರುತ್ತದೆ.
ಗೊತ್ತಿತ್ತು. ಆದರೂ
ನಿನ್ನ ಮಟ್ಟಿಗೆ ಮರೆತೆ, ಹೊನ್ನೀ.

ರಾತ್ರಿ ಎಂಟೂವರೆ. ಕಸ್ತೂರಿ ಕೇರ್ ಹೋಮಿನ ಪಾಳಿಗೆ ಹೋಗಿದ್ದಳು.
ಡಯಾಪರ್ ಬಿಚ್ಚಿದರೆ ಕುಂಡೆಯೆಲ್ಲ ಕೆಂಡ.
ಒರೆಸುವ ಬಟ್ಟೆ ತಾಕಿದ್ದೇ ತಡ
ಪಕ್ಕದ ಮನೆಯ ನಾಯಿ ಏಳುವ ಹಾಗೆ ಕಿರುಚಿದೆ.
ನಾನೋ, ಗಸಗಸ ಒರೆಸಿ,
ಒದ್ದೆಯ ಮೇಲೇ ಪೌಡರ್ ಉದುರಿಸಿ,
ಹೊಸದನ್ನು ಬಿಗಿದು ಕಟ್ಟಿದೆ.
ಗೋಡೆಗೆ ಹೀಗೆ ಮಾಡಿದ್ದರೆ
ಮೇಸ್ತ್ರಿ ಅರ್ಧ ದಿನದ ಕೂಲಿ ಮುರಿಯುತ್ತಿದ್ದ.

ಕೋಟಿನೊಳಗೆ ನಿನ್ನ ತುಂಬಿಕೊಂಡು ಓಡಿದೆ.
ಮೂಲೆಯ ಟೆಲಿಫೋನ್ ಗೂಡು
(ದೇಶಕ್ಕೆಲ್ಲ ಕೆಂಪು, ಈ ಊರಿಗೆ ಮಾತ್ರ ಕೆನೆಬಣ್ಣ)
ನೋಡಿ ನಗು ಬಂತು. ಹಿಂದೆಯೇ ನಾಚಿಕೆ.

ಔಷಧಿ ಅಂಗಡಿಯಲ್ಲಿ ಒಂದು ಇಡೀ ಕಪಾಟು.
ಒಂದು ಡಬ್ಬಿಯ ಮೇಲೆ ಮಲಗಿದ ಮೊಲ,
ಒಂದರ ಮೇಲೆ ಹಸಿರೆಲೆ,
ಇನ್ನೊಂದು ಮುಚ್ಚಳ ತೆಗೆಯದೆಯೇ ಲ್ಯಾವೆಂಡರ್.
ನನಗೆ ಡಬ್ಬಿ ತಿರುವಿ ಹಿಂದೆ ಓದುವ ಚಾಳಿ:
ಝಿಂಕ್ ಆಕ್ಸೈಡ್.
ಅರೆ, ಈ ಬಿಳಿ ನನಗೆ ಗೊತ್ತು!
ಹಳೇ ಮನೆಗಳ ಕಿಟಕಿ ಕೆರೆದಾಗ
ಏಳನೆಯದೋ ಎಂಟನೆಯದೋ ಪದರದಲ್ಲಿ ಸಿಗುತ್ತದೆ,
ನೂರು ಮಳೆಗಾಲ ತಡೆದೂ
ಹಲ್ಲು ಕಚ್ಚಿ ಕೂತ ಬಿಳಿ.

"ಘಮಘಮ ಅನ್ನೋದನ್ನ ಅಲ್ಲೇ ಇಡು, ಲವ್,"
ಅಂದಳು ಕೌಂಟರಿನ ಡೋರೀನ್ ಅಜ್ಜಿ.
"ಅದು ನಿನ್ನ ಮೂಗಿಗೆ, ಮಗುವಿನ ತೊಗಲಿಗಲ್ಲ.
ಅಂಚಿನಲ್ಲಿ ಚುಕ್ಕಿ ಚುಕ್ಕಿ ಗುಳ್ಳೆ ಎದ್ದಿದೆಯಾ?
ತೊಡೆಸಂದಿಯ ಮಡಿಕೆಯೊಳಗೂ ಕೆಂಪೇ?"
ಇಲ್ಲ ಅಂದೆ.
"ಸರಿ. ಇದ್ದರೆ ಅದು ಬೂಷ್ಟಿನ ಜಾತಿ, ಡಾಕ್ಟರನ್ನೇ ಕೇಳಬೇಕು.
ಮೂರು ದಿನಕ್ಕೆ ಇಳಿಯದಿದ್ದರೂ ಅಷ್ಟೇ."
ಬೂಷ್ಟಿನ ಮೇಲೆ ಬಣ್ಣ ಬಳಿದು ಬೈಸಿಕೊಂಡವನು ನಾನು,
ತಲೆಯಾಡಿಸಿದೆ.
ನನ್ನ ಉಗುರು ನೋಡಿ ಅವಳೂ ಏನೋ ಅರ್ಥ ಮಾಡಿಕೊಂಡಳು.
"ತೆಳ್ಳಗೆ ಹಚ್ಚಬೇಡ, ಪೇಂಟರ್."

ಉಗುರುಬೆಚ್ಚನೆ ನೀರು, ಹತ್ತಿ.
ಉಜ್ಜಲಿಲ್ಲ, ಒತ್ತಿ ಒತ್ತಿ ತೆಗೆದೆ.
ಕೆಲಸಕ್ಕೆ ಹಾಸುವ ಬಟ್ಟೆ ಒಗೆದದ್ದು ಇತ್ತು,
ಯಾರ್ಯಾರದೋ ಹಾಲು, ಅಡುಗೆಮನೆ, ಮೆಟ್ಟಿಲುಗಳ ಚುಕ್ಕೆ ಹೊತ್ತದ್ದು,
ಅದರ ಮೇಲೆ ನಿನ್ನ ಬರಿಮೈಯಲ್ಲಿ ಬಿಟ್ಟೆ.
ಕಾಲು ಗಾಳಿಗೆ ಬಡಿದೆ.
ಹತ್ತು ನಿಮಿಷ. ಒಣಗುವುದನ್ನು ಕಾಯುವುದೇ
ನನ್ನ ಕಸುಬಿನ ಅರ್ಧ.
ಒಂಬತ್ತನೇ ನಿಮಿಷಕ್ಕೆ ನೀನು ಉಚ್ಚೆ ಹೊಯ್ದೆ.
ಮತ್ತೆ ಮೊದಲಿನಿಂದ.

ಆಮೇಲೆ ಬಿಳಿ.
ತೆಳುವಾಗಿ ಎಳೆ, ಎಳೆ ಎಂದೇ ಕಲಿತ ಬೆರಳು
ದಪ್ಪ ಬಳಿಯಲು ಒಪ್ಪಲಿಲ್ಲ.
ಕೇಕಿನ ಮೇಲೆ ಕ್ರೀಮಿನ ಹಾಗೆ, ಅಂದಿದ್ದಳು ಡೋರೀನ್;
ನಾನು ದೀಪಾವಳಿಗೆ ನಮ್ಮವ್ವ
ಒಲೆಯ ಹಿಂದಿನ ಕಪ್ಪು ಗೋಡೆಗೆ ಸುಣ್ಣ ಜಡಿಯುತ್ತಿದ್ದುದನ್ನು ನೆನೆದೆ,
ಹಿಂದಿನದು ಕಾಣದ ಹಾಗೆ.
ಕೈ ಬಂತು.

ಎರಡೂಕಾಲಿಗೆ ಮತ್ತೆ ಎದ್ದೆ.
ಕೊಳೆಯಷ್ಟನ್ನೇ ತೆಗಿ, ಹಳೇ ಬಿಳಿಯನ್ನು ಕೆರೆಯಬೇಡ,
ಅದರ ಮೇಲೇ ಹಚ್ಚು.
ಎಂಥ ಮಾತು! ಕೆರೆಯದೆ ಎರಡನೇ ಕೋಟೇ?
ನನ್ನ ವಿದ್ಯೆಯೆಲ್ಲ ಬೇಡ ಅಂತಿತ್ತು.
ನೀನು ಅಳಲಿಲ್ಲ. ನನ್ನ ಹೆಬ್ಬೆರಳು ಹಿಡಿದು
ದೀಪವನ್ನೇ ನೋಡುತ್ತಿದ್ದೆ.

ಬೆಳಗ್ಗೆ ಏಳಕ್ಕೆ ಕಸ್ತೂರಿ ಬಂದಳು.
ಬೂಟು ಬಿಚ್ಚದೆ, ಬಾಗಿ, ಡಯಾಪರಿನ ಅಂಟು ಬಿಡಿಸಿದಳು.
ಕೆಂಪು ಕೊಂಚ ಮಂಕಾಗಿತ್ತು, ನಿಜ.
ಅವಳು ತುಂಬಾ ಹೊತ್ತು ನೋಡಿದಳು,
ರಾತ್ರಿಯಿಡೀ ಮುದುಕರನ್ನು ಮಗ್ಗುಲು ಹೊರಳಿಸಿ
ಬೆನ್ನು ನೋಡಿ ಬಂದ ಕಣ್ಣಿನಿಂದ.

"ಇಲ್ಲೊಂದು ಅಂಚು ಬಿಟ್ಟಿದ್ದೀಯ," ಅಂದಳು.

ಟ್ಯೂಬು ತೆಗೆದುಕೊಂಡೆ.