ಸೀರಿ ಗಾರ್ಡ್

ಮಗಳು ಪಾಟಿಚೀಲ ಮೂಲಿಗೆ ಒಗದು ಕೇಳಿದ್ಲು:
"ಅಪ್ಪಾ, ಗಾರ್ಡ್ ಅಂದ್ರ ಏನು?
ಅರ್ಥ ಬರೀಬೇಕು, ಮ್ಯಾಲ ಐದು ವಾಕ್ಯ."

ವೆಲ್ಡಿಂಗ್ ಕನ್ನಡಕ ಹಣಿಗೆ ಏರಿಸಿ
ಕೈಗೆ ಸಿಕ್ಕಿದ್ದು ತೋರಿಸ್ದೆ.
ಇದು ಮಡ್‌ಗಾರ್ಡ್, ಕೆಸರು ತಾ ತಿಂತೈತಿ.
ಇದು ಚೈನ್ ಗಾರ್ಡ್, ಪ್ಯಾಂಟಿನ ಕಾಲು ಉಳಸ್ತೈತಿ.
ಇದು ಲೆಗ್ ಗಾರ್ಡ್, ಬೀಳೂ ಹೊತ್ತಿಗೆ
ನಮಗಿಂತ ಮೊದಲ ತಾ ಬೀಳ್ತೈತಿ.
"ಇವೆಲ್ಲಾ ಸಾಮಾನು," ಅಂದ್ಲು. "ಅರ್ಥ ಹೇಳು."

ಇಂಡಿಪಂಪಿನ ಈ ಮೂಲ್ಯಾಗ
ಅರ್ಥ ಬಿಚ್ಚಿಸ್ಕೊಂಡು ಹೋಗಾಕ ಯಾರೂ ಬರಂಗಿಲ್ಲ.

ಎದುರಿನ ಎಟಿಎಮ್ಮಿನ ಬಾಗಿಲಾಗ ಶಿವಪುತ್ರಪ್ಪ,
ನೀಲಿ ಅಂಗಿ, ಹೆಗಲ ಮ್ಯಾಲ ಪಟ್ಟಿ,
ಕೈಯಾಗ ಒಂದು ಬಡಿಗಿ ಸುದ್ದಾ ಇಲ್ಲ.
ಅವಗೂ ಗಾರ್ಡ್ ಅಂತಾರ.
ಅಂವ ಕೂಡೂ ಕುರ್ಚಿ ಯಾರೂ ಕದೀಬಾರ್ದಂತ
ಸರಪಳಿ ಹಾಕಿ ಕಂಬಕ್ಕ ಕಟ್ಯಾರ.

ನಮ್ಮ ಸೋದರಮಾವ ಗೂಡ್ಸ್ ಗಾಡಿ ಗಾರ್ಡ್ ಇದ್ದ.
ಕಟ್ಟಕಡೀ ಡಬ್ಬ್ಯಾಗ ಒಬ್ಬಾಂವ,
ಹುಬ್ಬಳ್ಳಿಯಿಂದ ಲೋಂಡಾ ತನಕಾ
ಇಡೀ ರೈಲು ಅವಗ ಬೆನ್ನು ತೋರಿಸ್ಕೊಂತ ಹೋಗೂದು.
ಈಗ ಆ ನೌಕರಿಗೆ ಮ್ಯಾನೇಜರ್ ಅಂತ ಹೆಸರು ಇಟ್ಟಾರ
ಅಂತ ನಾ ಹೇಳಿದಾಗ ಮಾವ ಕೇಳಿದ್ದು ಇಷ್ಟ:
"ಬಾವುಟ ಹಸರs ಐತೇನು?"

ಮಗಳು ಡಿಕ್ಷನರಿ ತಗದು ಓದಿದ್ಲು: ಕಾವಲುಗಾರ.
ನಂಗ ನಗು ಬಂತು.
ನಮ್ಮ ಗಾರನ್ನ ಒಯ್ದು, ಬಾಲಕ್ಕೊಂದು ತುಣುಕು ಬೆಸದು
ತಿರುಗಿ ನಮಗs ಮಾರ್ಯಾರೇನೋ ಅನಿಸ್ತು.
ಬಳಿಗಾರ, ಸಾಲಗಾರ, ಮೋಸಗಾರ.
ಈ ಗಾರ ಯಾರ ಬೆನ್ನಿಗೆ ಬೇಕಾದ್ರೂ ಹತ್ತತಾನ.

ಒಂದು ಗಾರ್ಡ್ ಮಾತ್ರ ಆಕಿಗೆ ಹೇಳ್ಲಿಲ್ಲ.

ಹದಿನೇಳರ ಹುಡುಗ ನಾ. ಅಣ್ಣನ ಹೊಸ ಗಾಡಿ.
ಸೀರಿ ಗಾರ್ಡ್ ಅಂದ್ರ ಮುದುಕರ ಗಾಡಿಗೆ ಅಂತ
ಪಾನಾ ಹಚ್ಚಿ ಬಿಚ್ಚಿ ಗುಜರಿಗೆ ಹಾಕಿದ್ದೆ.
ಗಾಡಿ ಖರೇನ ಚಂದ ಕಾಣ್ತಿತ್ತು.
ಕುಂದಗೋಳ ದಾರ್ಯಾಗ ವೈನಿ ಸೆರಗು
ಗಾಲಿ ಕೇಳ್ತು. ಕೊಡಬೇಕಾತು.
ಇವತ್ತಿಗೂ ಆಕಿ ಮೆಟ್ಟಲಾ ಇಳಿಯೂ ಸಪ್ಪಳ
ಒಂದು ದೊಡ್ಡದು, ಒಂದು ಸಣ್ಣದು.
ಯಾರೂ ನಂಗ ಏನೂ ಅಂದಿಲ್ಲ.
ವೈನಿ ಹೋದಾಗೊಮ್ಮೆ ಚಾ ಕೊಡ್ತಾಳ.

ಸಂಜೀಮುಂದ ಕಮಡೊಳ್ಳಿ ಅಕ್ಕೋರು ಬಂದ್ರು.
ಚೂಡಿದಾರ, ಹೆಲ್ಮೆಟ್, ಗಾಡಿ ತಾವs ಹೊಡಕೊಂತ.
ಹಿಂದ ಅವರ ಯಜಮಾನ್ರು,
ಸಕ್ಕರಿ ಬ್ಯಾನಿಗೆ ಎರಡೂ ಕಣ್ಣು ಕೊಟ್ಟವರು,
ಒಂದ ಕಡೆ ಕಾಲು ಇಳಿಬಿಟ್ಟು ಕುಂತಿದ್ರು.

"ಇದನ್ನೊಂದು ತಗದಬಿಡ್ರಿ," ಅಂದ್ರು ಅಕ್ಕೋರು,
"ಕಂಬಿ ಡೊಂಕಾಗಿ ಸಪ್ಪಳ ಮಾಡಾಕತ್ತೈತಿ.
ಇಪ್ಪತ್ತೆರಡು ವರ್ಷ ಸೆರಗು ಮುದುಡಿ ಹಿಂದ ಕುಂತೆ.
ಈಗ ಸೀರಿ ಉಟ್ಟು ಕೂಡಾಕಿ ಯಾರದಾಳ?"

ಪಾನಾ ನಟ್ಟಿಗೆ ಹಚ್ಚಿದೆ.
ತುಕ್ಕು ಹಿಡದಿತ್ತು, ತಿರುಗಲಿಲ್ಲ.
ನಾ ಜೋರು ಹಾಕ್ಲೂ ಇಲ್ಲ.

ಯಜಮಾನ್ರು ಬಗ್ಗಿ, ಗಾಳ್ಯಾಗ ಕೈಯಾಡಿಸಿ
ಗಾರ್ಡಿನ ಕಂಬಿ ಹುಡುಕಿದ್ರು,
ತೆನಿ ಬಲತೈತೋ ಇಲ್ಲೋ ಅಂತ ನೋಡಿದಂಗ
ಒಂದೊಂದs ಮುಟ್ಟಿದ್ರು.
"ಇರ್ಲಿ ಬಿಡಪಾ," ಅಂದ್ರು.
"ನಾ ಧೋತರ ಉಡಾಂವ.
ಗಾಲಿಗೇನ ಗೊತ್ತು, ಗಂಡಸೋ ಹೆಂಗಸೋ."

ಅಕ್ಕೋರು ನಕ್ಕ ನಗಿಗೆ
ಶಿವಪುತ್ರಪ್ಪ ಎಚ್ಚರಾದ.

ಡೊಂಕು ಕಂಬಿ ನೆಟ್ಟಗ ಮಾಡಿ ಎರಡು ಟಾಕಿ ಹಾಕಿದೆ.
ಐವತ್ತು ಕೊಟ್ರು, ಮೂವತ್ತು ತಿರುಗಿ ಕೊಟ್ಟೆ.
ಗಾಡಿ ಹೋಗೂಮುಂದ ನೋಡಿದೆ:
ಧೋತರದ ಚುಂಗು ಹಾರಿ ಹಾರಿ
ಕಂಬಿಗೆ ಬಡದು ವಾಪಸ್ ಬರತಿತ್ತು.

ಮಗಳು ಅಷ್ಟೊತ್ತಿಗೆ ನಾಕು ಬರದಿದ್ಲು.
ಮೊದಲನೇದು: ಗಾರ್ಡ್ ಮಲಗಿದ್ದಾನೆ.
"ಐದನೇದು ನೀ ಹೇಳು."
ಗಾಲಿಗೇನ ಗೊತ್ತು ಅಂತ ಬರಿ, ಅಂದೆ.
ಪೆನ್ನು ಕಚ್ಚಿ ನೋಡಿದ್ಲು.
"ಅದರಾಗ ಗಾರ್ಡ್ ಅನ್ನೂ ಶಬ್ದಾನ ಇಲ್ಲಲ್ಲಪ್ಪಾ."